ದಾಖಲಿಸಬೇಕಾ, ಬೇಡ್ವಾ? ಮಾನಸಿಕ ಕಾಯಿಲೆಯ ಕಾನೂನು ತಪಾಸಣೆಯಲ್ಲಿ ತೀರ್ಮಾನಕ್ಕೆ ಬರುವ ಕ್ರಮ

ಕಳೆದ ಮಳೆಗಾಲದಲ್ಲಿ ಒಂದೇ ವಾರ ಮೂರು ರೆಫರಲ್ ಚೀಟಿ ನನ್ನ ಮೇಜಿಗೆ ಬಂದವು. ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ಸಾಲು: "ರೋಗಿ ಗಲಾಟೆ ಮಾಡುತ್ತಾರೆ, ಸಹಕರಿಸುತ್ತಿಲ್ಲ, ದಯವಿಟ್ಟು ದಾಖಲಿಸಿಕೊಳ್ಳಿ." ಗಲಾಟೆ ಯಾರ ಜೊತೆ? ಯಾವಾಗ? ಊಟ ಬಿಟ್ಟು ಎಷ್ಟು ದಿನ? ಮನೆಯಲ್ಲಿ ಕೋವಿ ಇದೆಯಾ? ಒಂದಕ್ಕೂ ಉತ್ತರ ಇಲ್ಲ.

ನಾನು ಕೊಡಗಿನಲ್ಲಿ ಕೆಲಸ ಮಾಡುವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ. ಈ ಬರಹ ತಾಲ್ಲೂಕು ಆಸ್ಪತ್ರೆಯ ಹೊಸ ವೈದ್ಯರಿಗೆ, ನರ್ಸ್‌ಗಳಿಗೆ ಮತ್ತು ನನ್ನಂಥ ಕಾರ್ಯಕರ್ತರಿಗೆ. ಮನೆಯವರು ಓದಿದರೂ ಒಳ್ಳೆಯದೇ. ಒಳಗೆ ಏನು ನಡೆಯುತ್ತದೆ ಅಂತ ತಿಳಿಯುತ್ತದೆ.

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. "ಕಾಯಿಲೆ ಇದೆ" ಅನ್ನುವುದರಿಂದ ನೇರ "ದಾಖಲಿಸಿ" ಅನ್ನುವುದಕ್ಕೆ ಹಾರುತ್ತಾರೆ. ನಡುವೆ ನಾಲ್ಕೈದು ಪ್ರಶ್ನೆಗಳಿವೆ. ಒಂದೊಂದನ್ನೂ ಬೇರೆ ಬೇರೆಯಾಗಿ, ಅದರದ್ದೇ ಸರದಿಯಲ್ಲಿ ಕೇಳಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಕೇಳುವುದೂ ಅದನ್ನೇ.

## ಹೊರಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಥರ್ಮಾಮೀಟರ್, ಬಿ.ಪಿ. ಉಪಕರಣ, ಆಕ್ಸಿಮೀಟರ್, ಸಕ್ಕರೆ ನೋಡುವ ಗ್ಲುಕೋಮೀಟರ್ ಮತ್ತು ಅದರ ಪಟ್ಟಿ. ಬಿಳಿ ಹಾಳೆ, ಎರಡು ಪೆನ್ನು, ಕೈಗಡಿಯಾರ. ಕಾಯ್ದೆಯ ಸೆಕ್ಷನ್ 4, 89 ಮತ್ತು 94ರ ಕನ್ನಡ ಸಾರಾಂಶ ಒಂದು ಪುಟದಲ್ಲಿ. ಒಂದು ಬಾಟಲಿ ನೀರು, ಒಂದು ಪ್ಯಾಕೆಟ್ ಬಿಸ್ಕತ್ತು. ಬಿಸ್ಕತ್ತು ಯಾಕೆ ಅಂತ ಆಮೇಲೆ ಹೇಳುತ್ತೇನೆ.

## ಹಂತ 1: ಫೋನಿನಲ್ಲೇ ಅರ್ಧ ಕೆಲಸ ಮುಗಿಸಿ

ಕರೆ ಬಂದ ತಕ್ಷಣ ಜೀಪು ಹತ್ತಬೇಡಿ. ಕರಿಕೆಯಿಂದಲೋ ಬಿರುನಾಣಿಯಿಂದಲೋ ಮಳೆಗಾಲದಲ್ಲಿ ಮಡಿಕೇರಿ ತಲುಪಲು ಎಷ್ಟು ಹೊತ್ತು ಬೇಕು ಅಂತ ನಮಗೆಲ್ಲ ಗೊತ್ತು. ದಾರಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಆದ್ದರಿಂದ ಮೊದಲೇ ಕೇಳಿ: ಈ ಬದಲಾವಣೆ ಶುರುವಾಗಿ ಎಷ್ಟು ದಿನ? ಕೊನೆಯ ಸಲ ಊಟ, ನಿದ್ದೆ ಯಾವಾಗ? ಕುಡಿಯುವ ಅಭ್ಯಾಸ ಇದ್ದರೆ ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ? ಜ್ವರ, ತಲೆಗೆ ಪೆಟ್ಟು? ಮನೆಯಲ್ಲಿ ಯಾವ ಭಾಷೆ? ಕೋವಿ ಎಲ್ಲಿದೆ? ಚಿಕ್ಕ ಮಕ್ಕಳು ಇದ್ದಾರಾ?

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: "ಇವತ್ತೇ ಯಾಕೆ ಫೋನ್ ಮಾಡಿದಿರಿ?" ಎರಡು ವರ್ಷದಿಂದ ಇರುವ ತೊಂದರೆಗೆ ಇವತ್ತು ಕರೆ ಬಂದಿದೆ ಅಂದರೆ ಇವತ್ತು ಏನೋ ಆಗಿದೆ. ಅದು ಅಪಾಯ ಇರಬಹುದು. ನಾಳೆ ಆಸ್ತಿ ಪಾಲಿನ ಮಾತುಕತೆಯೂ ಇರಬಹುದು.

## ಹಂತ 2: ಮೊದಲು ದೇಹ, ಆಮೇಲೆ ಮನಸ್ಸು

ವಯಸ್ಸಾದವರು ಎರಡೇ ದಿನದಲ್ಲಿ ಗೊಂದಲಕ್ಕೆ ಬಿದ್ದರೆ ಮೂತ್ರದ ಸೋಂಕು, ಉಪ್ಪಿನಂಶ ಇಳಿದಿರುವುದು, ಹೊಸ ಮಾತ್ರೆ, ಇವನ್ನು ಮೊದಲು ಹುಡುಕಿ. ಸಕ್ಕರೆ ಕಾಯಿಲೆಯವರು ಬೆವರುತ್ತಾ ಕೂಗಾಡುತ್ತಿದ್ದರೆ ಬೆರಳು ಚುಚ್ಚಿ ನೋಡಲು ಒಂದು ನಿಮಿಷ ಸಾಕು. ತೋಟದಲ್ಲಿ ಔಷಧಿ ಹೊಡೆದು ಬಂದವರು ಬಾಯಲ್ಲಿ ನೀರು ಸುರಿಸುತ್ತಾ, ಕಣ್ಣಿನ ಪಾಪೆ ಚಿಕ್ಕದಾಗಿ ತಡಬಡಿಸುತ್ತಿದ್ದರೆ ಅದು ಕೀಟನಾಶಕದ ವಿಷ ಇರಬಹುದು. ಮನೋವೈದ್ಯರಿಗಿಂತ ಮೊದಲು ತುರ್ತು ವಿಭಾಗ.

ನಮ್ಮಲ್ಲಿ ಹೆಚ್ಚು ತಪ್ಪುವುದು ಮದ್ಯದ ವಿಷಯದಲ್ಲಿ. ದಿನಾ ಕುಡಿಯುವವರು ಹಠಾತ್ತಾಗಿ ಬಿಟ್ಟರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ನಡುಕ, ಜ್ವರ, ಗೋಡೆ ಮೇಲೆ ಹುಳ ಕಾಣುವುದು, ಊರು ಯಾವುದು ಅಂತ ಗೊತ್ತಾಗದಿರುವುದು. ಜೀವಕ್ಕೇ ಅಪಾಯ ಇರುವ ಸ್ಥಿತಿ ಇದು. ಥಯಾಮಿನ್ (ವಿಟಮಿನ್ ಬಿ1) ಕೊಡದೆ ಬರೀ ಗ್ಲುಕೋಸ್ ಬಾಟಲಿ ಏರಿಸುವುದು ಇನ್ನೂ ನಡೆಯುತ್ತಿದೆ. ಥಯಾಮಿನ್ ಮೊದಲು.

ಎಚ್ಚರಿಕೆಯ ಗುರುತು: ಬೆಳಿಗ್ಗೆ ಸರಿ ಇದ್ದು ಸಂಜೆ ಗೊಂದಲ, ದನಿ ಕೇಳಿಸುವುದಕ್ಕಿಂತ ಜಾಸ್ತಿ ಏನೇನೋ ಕಾಣಿಸುವುದು, ಜ್ವರ, ಹಿಂದೆ ಯಾವತ್ತೂ ಇಂಥದ್ದು ಆಗಿಲ್ಲದಿರುವುದು. ಇವು ಕಂಡರೆ ಅಲ್ಲಿಗೆ ನಿಲ್ಲಿಸಿ. ದೇಹದ ಕಾರಣ ಸಿಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

## ನಡುವೆ ಒಂದು ಕವಲು: ತುರ್ತು ಆದರೆ

ಜೀವಕ್ಕೆ ಅಪಾಯ, ತನಗೋ ಬೇರೆಯವರಿಗೋ ಗಂಭೀರ ಹಾನಿ, ಅಥವಾ ಕಾಯಿಲೆಯಿಂದಲೇ ಆಸ್ತಿಪಾಸ್ತಿಗೆ ದೊಡ್ಡ ನಷ್ಟ ಆಗುವಂತಿದ್ದರೆ ಸೆಕ್ಷನ್ 94ರ ದಾರಿ ಇದೆ. ನೋಂದಾಯಿತ ವೈದ್ಯರು ಯಾರೇ ಆಗಲಿ, ಯಾವ ಆಸ್ಪತ್ರೆಯಲ್ಲೇ ಆಗಲಿ, ಮನೆಯಲ್ಲೇ ಆಗಲಿ ತುರ್ತು ಚಿಕಿತ್ಸೆ ಕೊಡಬಹುದು. ನಾಮನಿರ್ದೇಶಿತ ಪ್ರತಿನಿಧಿ (ರೋಗಿಯ ಪರವಾಗಿ ನಿಲ್ಲುವವರು, ಯಾರು ಅಂತ ಹಂತ 8ರಲ್ಲಿದೆ) ಸಿಕ್ಕರೆ ಅವರ ಒಪ್ಪಿಗೆ ಬೇಕು. ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ಸಾಗಿಸುವುದೂ ಇದರಲ್ಲೇ ಬರುತ್ತದೆ. ಗಡುವು 72 ಗಂಟೆ, ಇಲ್ಲವೇ ಆ ಸಂಸ್ಥೆಯಲ್ಲಿ ತಪಾಸಣೆ ಆಗುವವರೆಗೆ, ಯಾವುದು ಮೊದಲೋ ಅದು. ತಲೆಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ (ಇ.ಸಿ.ಟಿ.) ಈ ದಾರಿಯಲ್ಲಿ ಇಲ್ಲ.

ಇಂಜೆಕ್ಷನ್ ಕೊಟ್ಟು ಕಳಿಸಿದರೆ ಹೆಸರು, ಪ್ರಮಾಣ, ಗಂಟೆ ಬರೆದು ಕಳಿಸಿ. ನಿದ್ದೆಯಲ್ಲಿ ಬಂದವರನ್ನು ನಾವು ಏನಂತ ತಪಾಸಣೆ ಮಾಡೋಣ? ಸರಪಳಿ ಯಾವ ಕಾರಣಕ್ಕೂ ಇಲ್ಲ. ಅದು ಸೆಕ್ಷನ್ 95ರಲ್ಲಿ ಪೂರ್ತಿ ನಿಷೇಧ.

ಬೀದಿಯಲ್ಲಿ ಅಲೆಯುತ್ತಿರುವವರನ್ನು ಪೊಲೀಸರು ಕರೆತಂದರೆ ಅದು ಸೆಕ್ಷನ್ 100. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತರಬೇಕು, ಲಾಕಪ್‌ನಲ್ಲಿ ಇಡುವಂತಿಲ್ಲ. ಪೊಲೀಸರು ತಂದರು ಅನ್ನುವುದೇ ದಾಖಲಿಸಲು ಕಾರಣ ಆಗುವುದಿಲ್ಲ. ಉಳಿದ ಹಂತಗಳೆಲ್ಲ ಅವರಿಗೂ ಇವೆ.

## ಹಂತ 3: ಅವರನ್ನು ಒಬ್ಬರನ್ನೇ, ಅವರ ಭಾಷೆಯಲ್ಲಿ ಮಾತಾಡಿಸಿ

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲವು ವರ್ಷದ ಹಿಂದೆ ಒಂದು ಕಾಫಿ ತೋಟದಿಂದ ಎರವ ಬುಡಕಟ್ಟಿನ ಹೆಣ್ಣುಮಗಳೊಬ್ಬಳನ್ನು ಕರೆತಂದರು. ಜೊತೆಗೆ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಆಕೆಗೆ ಕನ್ನಡ ಅಷ್ಟಕ್ಕಷ್ಟೇ. ರೈಟರೇ ಅನುವಾದ ಮಾಡಿದರು. ನಾನು ಕೇಳಿದೆ, ಆಕೆ ಎರಡು ನಿಮಿಷ ಮಾತಾಡಿದಳು. ರೈಟರ್ ಹೇಳಿದ್ದು: "ಹೌದಂತೆ ಸಾರ್, ಸಿಟ್ಟು ಬಂದ್ರೆ ಬಾಗಿಲು ಒಡೀತಾಳಂತೆ." ನಾನು ಹಾಗೇ ಬರೆದುಕೊಂಡೆ.

ಮಧ್ಯಾಹ್ನ ಆ ಭಾಷೆ ಬರುವ ಆಶಾ ಕಾರ್ಯಕರ್ತೆಯೊಬ್ಬರು ಸಿಕ್ಕಿದರು. ಅವರ ಮುಂದೆ ಆಕೆ ಹೇಳಿದ್ದೇ ಬೇರೆ. ಬಾಕಿ ಸಂಬಳ ಕೇಳಿದ್ದಕ್ಕೆ ಲೈನ್‌ಮನೆಗೆ (ತೋಟದ ಕೂಲಿಯವರ ಸಾಲುಮನೆಗೆ) ಹೊರಗಿನಿಂದ ಚಿಲಕ ಹಾಕಿದ್ದಾರೆ. ಅದಕ್ಕೇ ಬಾಗಿಲು ಒದ್ದದ್ದು. ಎರಡು ನಿಮಿಷದ ಮಾತು ಒಂದು ಸಾಲಾದಾಗಲೇ ನನಗೆ ಅನುಮಾನ ಬರಬೇಕಿತ್ತು.

ಕೊಡವ ತಕ್ಕ್, ಅರೆಭಾಷೆ, ಎರವ, ಜೇನುಕುರುಬ, ಮಲಯಾಳಂ, ತುಳು, ಬ್ಯಾರಿ, ಈಗ ಅಸ್ಸಾಮಿನಿಂದ ಬಂದವರ ಮಾತು. ಇಷ್ಟು ಭಾಷೆ ಒಂದೇ ಜಿಲ್ಲೆಯಲ್ಲಿ. ಅನುವಾದ ಮಾಡುವವರಿಗೆ ಈ ದಾಖಲಾತಿಯಿಂದ ಲಾಭ ನಷ್ಟ ಇರಬಾರದು. ಮನೆಯವರೂ ಬೇಡ, ಧಣಿಗಳ ಕಡೆಯವರೂ ಬೇಡ. "ಅವರು ಹೇಳಿದ್ದನ್ನ ಹೇಳಿದ ಹಾಗೇ ಹೇಳಿ, ಅರ್ಥ ಆಗದಿದ್ದರೂ ಪರವಾಗಿಲ್ಲ" ಅಂತ ಮೊದಲೇ ತಿಳಿಸಿ. ಮನೆಯವರ ಮಾತು ಖಂಡಿತ ಬೇಕು, ಆದರೆ ಬೇರೆ ಕೋಣೆಯಲ್ಲಿ, ಬೇರೆ ಹಾಳೆಯಲ್ಲಿ.

ಬಿಸ್ಕತ್ತು ಬೇಕಾಗುವುದು ಇಲ್ಲಿ. ಬೆಳಿಗ್ಗೆಯಿಂದ ಏನೂ ತಿನ್ನದೆ ಜೀಪಿನಲ್ಲಿ ಬಂದವರು ಸಿಡುಕಿದರೆ ಅದು ಕಾಯಿಲೆಯ ಲಕ್ಷಣ ಅಲ್ಲ, ಹಸಿವು. ಕೊಟ್ಟದ್ದನ್ನು ತಿನ್ನುತ್ತಾರಾ, ಮೂಸಿ ನೋಡಿ ಪಕ್ಕಕ್ಕಿಡುತ್ತಾರಾ ಅನ್ನುವುದೂ ಕಾಣುತ್ತದೆ.

## ಹಂತ 4: ಕಾಯಿಲೆಯಾ, ನಮಗೆ ಹಿಡಿಸದ ನಡತೆಯಾ?

ಸೆಕ್ಷನ್ 3 ಹೇಳುವುದು ಸರಳ. ಒಪ್ಪಿತವಾದ ವೈದ್ಯಕೀಯ ಮಾನದಂಡದ ಮೇಲೆ ಮಾತ್ರ ಕಾಯಿಲೆ ಅನ್ನಬೇಕು. ಜಾತಿ, ಹಣ, ರಾಜಕೀಯ, ಮನೆತನದ ಮರ್ಯಾದೆಗೆ ಒಗ್ಗದ ಮದುವೆ, ಇವು ಯಾವುವೂ ಕಾರಣ ಅಲ್ಲ. ಹತ್ತು ವರ್ಷದ ಹಿಂದೆ ಚಿಕಿತ್ಸೆ ಆಗಿತ್ತು ಅನ್ನುವುದು ಇವತ್ತಿನ ಕಾಯಿಲೆಗೆ ಸಾಕ್ಷಿ ಅಲ್ಲ. ಬುದ್ಧಿಮಾಂದ್ಯ ಈ ಕಾಯ್ದೆಯಡಿ ಬರುವುದಿಲ್ಲ. ಮದ್ಯ ಮತ್ತು ಮಾದಕ ವಸ್ತುವಿನಿಂದ ಆಗುವ ಮಾನಸಿಕ ತೊಂದರೆ ಬರುತ್ತದೆ.

ತೆರೆ ಕಟ್ಟಿದವರ (ದೈವದ ವೇಷ ಧರಿಸಿದವರ) ಮೈಮೇಲೆ ಕಾರಣ, ಅಂದರೆ ಮನೆತನದ ಹಿರಿಯರ ದೈವ, ಬರುವುದು ನಮ್ಮಲ್ಲಿ ಹೊಸದಲ್ಲ. ಅದು ಆ ಕಟ್ಟಲೆಯ ಹೊತ್ತಿಗೆ ಬರುತ್ತದೆ, ಅಲ್ಲೇ ಇಳಿಯುತ್ತದೆ. ಮರುದಿನ ಮನುಷ್ಯ ಕೆಲಸಕ್ಕೆ ಹೋಗುತ್ತಾನೆ. ಇಳಿಯದೇ ವಾರಗಟ್ಟಲೆ ಉಳಿದು, ನಿದ್ದೆ ಊಟ ಕೆಟ್ಟು, ಊರಿನ ಹಿರಿಯರೇ "ಇದು ಅದಲ್ಲ" ಅಂದರೆ ಆಗ ಗಮನ ಕೊಡಿ. ಹಿರಿಯರನ್ನು ಕೇಳುವುದರಲ್ಲಿ ಏನೂ ನಾಚಿಕೆ ಇಲ್ಲ.

## ಹಂತ 5: ಅಪಾಯವನ್ನು ಅಂದಾಜಿನಲ್ಲಿ ಹೇಳಬೇಡಿ

ರೋಗಿ ತಾನೇ ಒಪ್ಪದಿದ್ದಾಗ ಪ್ರತಿನಿಧಿಯ ಅರ್ಜಿಯ ಮೇಲೆ ದಾಖಲಿಸುವ "ಬೆಂಬಲಿತ ದಾಖಲಾತಿ" ಸೆಕ್ಷನ್ 89ರದ್ದು. ಅದರಲ್ಲಿ ಮೂರೇ ಬಾಗಿಲು. ಇತ್ತೀಚೆಗೆ ತನಗೆ ತಾನೇ ಹಾನಿ ಮಾಡಿಕೊಳ್ಳಲು ಯತ್ನಿಸಿದ್ದು ಅಥವಾ ಹಾಗಂತ ಬೆದರಿಸಿದ್ದು. ಬೇರೆಯವರ ಮೇಲೆ ಕೈ ಮಾಡಿದ್ದು, ಅಥವಾ ಹೊಡೆದಾರು ಅನ್ನುವ ಭಯ ಹುಟ್ಟಿಸಿದ್ದು. ತನ್ನನ್ನು ನೋಡಿಕೊಳ್ಳಲಾಗದೆ ತನಗೇ ಹಾನಿ ಆಗುವ ಅಪಾಯ ತಂದುಕೊಂಡಿರುವುದು. ಇದರಲ್ಲಿ ಯಾವುದು, ಯಾವ ದಿನ, ಯಾರು ಕಂಡದ್ದು? "ಮುಂದೆ ಏನಾದರೂ ಆಗಬಹುದು" ಅನ್ನುವುದು ಈ ಮೂರರಲ್ಲಿ ಇಲ್ಲ.

ಈಗ ಕೋವಿಯ ವಿಷಯ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಹಾಗಾಗಿ "ಲೈಸೆನ್ಸ್ ಇಲ್ಲ" ಅಂದರೆ "ಕೋವಿ ಇಲ್ಲ" ಅಂತ ಅಲ್ಲ. ಬೇರೆ ಜಿಲ್ಲೆಯಿಂದ ಬಂದ ವೈದ್ಯರಿಗೆ ಇದು ಹೊಳೆಯುವುದೇ ಇಲ್ಲ.

ಕೇಳುವ ರೀತಿಯೂ ಮುಖ್ಯ. "ನಿಮ್ಮಲ್ಲಿ ಆಯುಧ ಇದೆಯಾ?" ಅಂದರೆ ಮನೆಯವರು ಮುಖ ಗಂಟು ಹಾಕುತ್ತಾರೆ. ಕೈಲ್‌ಪೊಳ್ದ್‌ಗೆ (ಕೊಡವರ ಆಯುಧದ ಹಬ್ಬಕ್ಕೆ) ಪೂಜೆ ಮಾಡುವ ಕೋವಿ ಅದು, ಮನೆಯ ಸದಸ್ಯನ ಹಾಗೆ. ನಾನು ಕೇಳುವುದು ಹೀಗೆ: "ಕೋವಿ ಯಾವ ಕೋಣೆಯಲ್ಲಿದೆ? ತೋಟಾ ಎಲ್ಲಿಟ್ಟಿದ್ದೀರಿ? ಬೀರುವಿನ ಕೀ ಯಾರ ಹತ್ತಿರ?" ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ. ಒಂದು ಮನೆಯಲ್ಲಿ ಸಾಯುವ ಮಾತಾಡುತ್ತಿದ್ದ ಅಜ್ಜನ ಕೀಗೊಂಚಲು ಅಜ್ಜನ ಸೊಂಟದಲ್ಲೇ ಇತ್ತು! ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. "ಅದೇ ಥರ ಕೆಲವು ದಿನ" ಅಂದರೆ ಮನೆಯವರು ಒಪ್ಪುತ್ತಾರೆ. ತೋಟದ ಕೀಟನಾಶಕದ ಡಬ್ಬಿಗೂ ಇದೇ ಮೂರು ಪ್ರಶ್ನೆ.

ಸಾಯಬೇಕು ಅನಿಸುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯತ್ನಿಸಿ ಬದುಕಿ ಬಂದವರನ್ನು ಕೇಸು ಅಂತ ಹೆದರಿಸಬೇಡಿ. ಸೆಕ್ಷನ್ 115ರ ಪ್ರಕಾರ ಅವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಭಾವಿಸುತ್ತದೆ.

## ಹಂತ 6: ತೀರ್ಮಾನಿಸುವ ಶಕ್ತಿ ಇದೆಯಾ?

ಇದೇ ನಡುಗಂಬ. ಇದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ.

ಸೆಕ್ಷನ್ 4ರಲ್ಲಿ ಮೂರು ವಿಷಯ: ಹೇಳಿದ್ದು ಅರ್ಥ ಆಗುತ್ತದಾ, ಒಪ್ಪಿದರೆ ಅಥವಾ ಬಿಟ್ಟರೆ ಏನಾದೀತು ಅಂತ ತೂಗಲು ಆಗುತ್ತದಾ, ತೀರ್ಮಾನವನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಲು ಆಗುತ್ತದಾ. ಬರೀ ತಲೆ ಆಡಿಸುವುದನ್ನು ನಂಬಬೇಡಿ. ಅವರದ್ದೇ ಮಾತಲ್ಲಿ ಹೇಳಿಸಿ.

ಲೈನ್‌ಮನೆಯ ಒಬ್ಬರು. ತೊಟ್ಟಿಯ ನೀರಿಗೆ ವಿಷ ಹಾಕಿದ್ದಾರೆ ಅಂತ ಮೂರು ದಿನದಿಂದ ಹೆಚ್ಚುಕಮ್ಮಿ ನೀರು ಬಿಟ್ಟಿದ್ದರು. ತುಟಿ ಒಡೆದಿತ್ತು.

"ಅಣ್ಣ, ನಾನು ಈಗ ಹೇಳಿದ್ದನ್ನ ನಿಮ್ಮ ಮಾತಲ್ಲಿ ಒಂದ್ಸಲ ಹೇಳ್ತೀರಾ?"

"ಇಲ್ಲೇ ಇರಿ, ಮಾತ್ರೆ ಕೊಡ್ತೀವಿ ಅಂದ್ರಿ."

"ಇರದೆ ಹೋದ್ರೆ ಏನಾಗಬಹುದು?"

"ಏನಾಗ್ತದೆ? ಏನೂ ಆಗಲ್ಲ."

"ನೀರೇ ಕುಡೀದಿದ್ರೆ?"

"ನಂಗೆ ನೀರು ಬೇಡ ಸಾರ್. ಮಳೆ ನನ್ನ ಮೈಯೊಳಗೇ ಬರ್ತದೆ."

ಮೊದಲನೆಯದು ಇದೆ, ಹೇಳಿದ್ದು ಅರ್ಥವಾಗಿದೆ. ಮೂರನೆಯದೂ ಇದೆ, ಸ್ಪಷ್ಟವಾಗಿ ಬೇಡ ಅಂದರು. ಎರಡನೆಯದು ಇಲ್ಲ. ನೀರು ಬಿಟ್ಟರೆ ಏನಾಗುತ್ತದೆ ಅನ್ನುವುದು ಅವರ ಲೆಕ್ಕಕ್ಕೆ ಬರುತ್ತಲೇ ಇಲ್ಲ. ಈ ಮಾತನ್ನು ಇದ್ದ ಹಾಗೆ ಫೈಲಿನಲ್ಲಿ ಬರೆದೆವು.

ಅದೇ ತಿಂಗಳು, ಹೆಚ್ಚುಕಮ್ಮಿ ಅದೇ ಕಾಯಿಲೆಯ ಒಬ್ಬ ಅಕ್ಕ ಹೇಳಿದ್ದು: "ದನಿ ಕೇಳ್ತದೆ ಸಾರ್. ಅದು ಕಾಯಿಲೆ ಅಂತಾನೂ ಗೊತ್ತು. ಮಾತ್ರೆ ಬಿಟ್ಟಾಗ ಜಾಸ್ತಿ ಆಗ್ತದೆ. ಆದ್ರೆ ವಾರ್ಡಲ್ಲಿ ಇರಲ್ಲ. ತಂಗಿ ಮನೇಲಿ ಇರ್ತೇನೆ, ಮಾತ್ರೆ ಅವಳೇ ಕೊಡ್ಲಿ, ಮಂಗಳವಾರ ಬರ್ತೇನೆ." ವಾರ್ಡಿನಲ್ಲಿದ್ದರೆ ಬೇಗ ವಾಸಿಯಾಗುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಆಕೆ ತೂಗಿ ನೋಡಿ ಹೇಳಿದ್ದಾರೆ. ಬೇರೆಯವರಿಗೆ ತಪ್ಪು ಅಂತ ಕಂಡ ಮಾತ್ರಕ್ಕೆ ಶಕ್ತಿ ಇಲ್ಲ ಅನ್ನುವಂತಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ಮನೆಗೆ ಕಳಿಸಿದೆವು.

ಶಕ್ತಿ ಇಲ್ಲ ಅನ್ನುವ ಮುಂಚೆ ನಮ್ಮ ಕಡೆಯ ತಪ್ಪು ನೋಡಿಕೊಳ್ಳಿ. ಕನ್ನಡಕ ಮನೆಯಲ್ಲೇ ಉಳಿದಿದೆಯಾ? ಕಿವಿ ಕೇಳುತ್ತದಾ? ಸುತ್ತ ಆರು ಜನ ನಿಂತಿದ್ದಾರಾ? ಇಂಜೆಕ್ಷನ್‌ನ ಮಂಪರು ಇನ್ನೂ ಇದೆಯಾ? ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಕೇಳಿ. ಕೇಳುತ್ತಿರುವುದು ಈ ಒಂದು ವಿಷಯದ ಬಗ್ಗೆ ಮಾತ್ರ ಅನ್ನುವುದೂ ನೆನಪಿರಲಿ. "ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಒಂದು ಸರ್ಟಿಫಿಕೇಟ್ ಕೊಡಿ, ಜಮೀನಿನ ಕೆಲಸಕ್ಕೆ ಬೇಕು" ಅಂತ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಕಾಯಿಲೆ ಇದೆ ಅಂದ ಮಾತ್ರಕ್ಕೆ ಆ ಅರ್ಥ ಬರುವುದಿಲ್ಲ, ಅದನ್ನು ಹೇಳುವುದು ನ್ಯಾಯಾಲಯ.

## ಹಂತ 7: ದಾಖಲಾತಿ ಬಿಟ್ಟು ಏನಿದೆ?

ಕಡಿಮೆ ಕಟ್ಟುಪಾಡಿನ ದಾರಿ ಇದ್ದರೆ ಅದನ್ನೇ ಹಿಡಿಯಬೇಕು. ಮನೆಗೆ ಹೋಗಿ ನೋಡಿಬರುವುದು, ಹತ್ತಿರದ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ನಂಬುವ ನೆಂಟರ ಮನೆ, ಟೆಲಿ ಮನಸ್ ಸಹಾಯವಾಣಿ 14416. ಕಾಯಿಲೆ ಬಂದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು ಅಂತ ಅವರು ಮೊದಲೇ ಬರೆದಿಟ್ಟ ಮುಂಗಡ ನಿರ್ದೇಶನ ಇದೆಯಾ ಕೇಳಿ. ಯಾವ ದಾರಿ ನೋಡಿದಿರಿ, ಯಾಕೆ ಆಗಲಿಲ್ಲ ಅಂತ ಬರೆಯಿರಿ. "ಬೇರೆ ದಾರಿ ಇಲ್ಲ" ಅಂತ ಬರೆದರೆ ಸಾಲದು. "ತಂಗಿ ಮನೆಯಲ್ಲಿ ಬಾಣಂತಿ ಇದ್ದಾರೆ, ಇವರು ನಿನ್ನೆ ರಾತ್ರಿ ಅಲ್ಲಿ ಕತ್ತಿ ಹಿಡಿದಿದ್ದರು" ಅಂತ ಬರೆದರೆ ಅರ್ಥವಾಗುತ್ತದೆ.

## ಹಂತ 8: ಇಬ್ಬರು, ಬೇರೆ ಬೇರೆ

ಬೆಂಬಲಿತ ದಾಖಲಾತಿಗೆ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ ಬೇಕು. ರೋಗಿ ಯಾರನ್ನಾದರೂ ಹೆಸರಿಸಿದ್ದರೆ ಅವರು. ಇಲ್ಲದಿದ್ದರೆ ಸಂಬಂಧಿ, ಆಮೇಲೆ ನೋಡಿಕೊಳ್ಳುವವರು. ಆಸ್ತಿ ವ್ಯಾಜ್ಯದಲ್ಲಿ ಎದುರು ಪಾರ್ಟಿಯಾಗಿರುವ ಅಣ್ಣನೇ ಅರ್ಜಿ ಹಿಡಿದು ಬಂದರೆ ಸುಮ್ನೆ ಸಹಿ ಹಾಕಬೇಡಿ. ಅದನ್ನು ಬರೆದು, ಇಂಥ ದಾಖಲಾತಿಗಳನ್ನು ಪರಿಶೀಲಿಸುವ ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಯ ಗಮನಕ್ಕೆ ತನ್ನಿ.

ಪರೀಕ್ಷೆ ಮಾಡುವವರು ಇಬ್ಬರು. ಒಬ್ಬರು ಮನೋವೈದ್ಯರೇ ಆಗಬೇಕು. ಇನ್ನೊಬ್ಬರು ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು. ದಾಖಲಾಗುವ ದಿನ ಅಥವಾ ಹಿಂದಿನ ಏಳು ದಿನದೊಳಗೆ ನೋಡಿರಬೇಕು. ತಾಲ್ಲೂಕು ಆಸ್ಪತ್ರೆಯ ವೈದ್ಯರೇ, ಇದು ನಿಮಗೆ: ಮೂರು ದಿನದ ಹಿಂದೆ ನೀವು ನೋಡಿ ಬರೆದದ್ದು ಎರಡನೆಯ ಅಭಿಪ್ರಾಯ ಆಗಬಹುದು, ಸರಿಯಾಗಿ ಬರೆದಿದ್ದರೆ.

ಇಬ್ಬರೂ ಸ್ವತಂತ್ರವಾಗಿ ನೋಡಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿದರೆ ಅಕ್ಷರ ಎರಡು, ಅಭಿಪ್ರಾಯ ಒಂದೇ. ನಾನು ಕಂಡ ಒಂದು ಫೈಲಿನಲ್ಲಿ ಎರಡೂ ವರದಿಯಲ್ಲಿ ಒಂದೇ ಕಾಗುಣಿತ ತಪ್ಪಿತ್ತು! ಮೊದಲ ವರದಿ ಓದುವ ಮುನ್ನ ನಿಮ್ಮದನ್ನು ಬರೆದು ಮುಗಿಸಿ. ಇಬ್ಬರ ಮಾತು ಬೇರೆಯಾದರೆ ಬೆಂಬಲಿತ ದಾಖಲಾತಿ ಇಲ್ಲ.

18 ತುಂಬದವರಿಗೆ ಸೆಕ್ಷನ್ 87 ಬೇರೆಯೇ ಇದೆ. ಅಲ್ಲಿಯೂ ಇಬ್ಬರು ನೋಡಬೇಕು, ಪ್ರತಿನಿಧಿ ಜೊತೆಯಲ್ಲೇ ಇರಬೇಕು, 72 ಗಂಟೆಯೊಳಗೆ ಮಂಡಳಿಗೆ ತಿಳಿಸಬೇಕು.

## ಹಂತ 9: ಕಂಡದ್ದನ್ನು ಬರೆಯಿರಿ

ವಿಶೇಷಣ ಬಿಡಿ, ಘಟನೆ ಬರೆಯಿರಿ. "ಆಕ್ರಮಣಕಾರಿ" ಅಲ್ಲ, "ಭಾನುವಾರ ರಾತ್ರಿ 9ಕ್ಕೆ ಹೆಂಡತಿಯ ಕುತ್ತಿಗೆ ಹಿಡಿದರು, ಪಕ್ಕದ ಮನೆಯವರು ಬಿಡಿಸಿದರು." "ಸಹಕರಿಸುತ್ತಿಲ್ಲ" ಅಲ್ಲ, "ಮೂರು ಪ್ರಶ್ನೆಗೆ ಉತ್ತರಿಸಿದರು, ನಾಲ್ಕನೆಯದಕ್ಕೆ ಎದ್ದು ಹೋದರು." ನೀವು ಕಂಡದ್ದು, ಮನೆಯವರು ಹೇಳಿದ್ದು, ನೀವು ಊಹಿಸಿದ್ದು, ಮೂರನ್ನೂ ಬೆರೆಸಬೇಡಿ. ದಾಖಲಿಸದಿರುವ ತೀರ್ಮಾನಕ್ಕೂ ಇಷ್ಟೇ ಬರವಣಿಗೆ ಬೇಕು. ಅದನ್ನು ಬರೆಯುವವರು ಕಡಿಮೆ.

ರೋಗಿಗೂ ಹೇಳಿ: ಯಾವ ಸೆಕ್ಷನ್ ಕೆಳಗೆ ಇದ್ದಾರೆ, ಯಾಕೆ, ಮಂಡಳಿಗೆ ಹೇಗೆ ದೂರು ಕೊಡಬಹುದು, ಉಚಿತ ಕಾನೂನು ನೆರವು ಇದೆ ಅಂತ.

## ಹಂತ 10: ದಾಖಲಾದ ಮೇಲಿನ ಗಡುವುಗಳು

ದಾಖಲಾದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೆಂಗಸರು ಮತ್ತು 18 ತುಂಬದವರಾದರೆ 3 ದಿನದೊಳಗೆ, ಉಳಿದವರಾದರೆ 7 ದಿನದೊಳಗೆ ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ ವರದಿ. ಪ್ರತಿ 7 ದಿನಕ್ಕೆ ತೀರ್ಮಾನ ಶಕ್ತಿಯ ಮರುಪರೀಕ್ಷೆ. 30ನೇ ದಿನಕ್ಕೆ ಸೆಕ್ಷನ್ 89ರ ಅವಧಿ ಮುಗಿಯುತ್ತದೆ. ಅದರಾಚೆ ಇರಬೇಕಾದರೆ ಸೆಕ್ಷನ್ 90: ಇಬ್ಬರೂ ಮನೋವೈದ್ಯರೇ ಆಗಬೇಕು, ಮಂಡಳಿಯ ಒಪ್ಪಿಗೆ ಬೇಕು. ಬಿಡುಗಡೆಯಾಗಿ 7 ದಿನದೊಳಗೆ ಮತ್ತೆ ದಾಖಲಿಸಬೇಕಾಗಿ ಬಂದರೂ ಸೆಕ್ಷನ್ 90ರ ದಾರಿಯೇ, ಹೊಸ 89 ಅಲ್ಲ.

ಏಳನೇ ದಿನದ ಮರುಪರೀಕ್ಷೆಯನ್ನು ಕಾಟಾಚಾರಕ್ಕೆ ಮಾಡಬೇಡಿ. ನೀರು ಬಿಟ್ಟಿದ್ದ ಆ ಅಣ್ಣನನ್ನು ಅದೇ ಪ್ರಶ್ನೆ ಅದೇ ಸರದಿಯಲ್ಲಿ ಕೇಳಿದೆವು. "ತೊಟ್ಟಿ ನೀರಿನ ಮೇಲೆ ಈಗಲೂ ಅನುಮಾನ ಇದೆ ಸಾರ್. ಆದ್ರೆ ಕುಡೀದಿದ್ರೆ ಸಾಯ್ತೇನೆ ಅಂತ ಗೊತ್ತಾಯ್ತು. ಇನ್ನೊಂದು ವಾರ ಇದ್ದು ಹೋಗ್ತೇನೆ" ಅಂದರು. ಅವತ್ತಿನಿಂದ ಬೆಂಬಲಿತ ದಾಖಲಾತಿ ಮುಗಿಯಿತು. ಸೆಕ್ಷನ್ 86ರ ಸ್ವತಂತ್ರ ರೋಗಿಯಾಗಿ, ಅಂದರೆ ತಾವೇ ಒಪ್ಪಿ ಇರುವವರಾಗಿ, ಹೊಸ ಫಾರಂ ತುಂಬಿಸಿದೆವು. ಸಹಿ ಅವರದ್ದೇ.